ಜ್ವರದ ಹೆಸರು ತಿಳಿಯುವ ಹೊತ್ತು: ಡಾ. ಟೆಲ್ಫರ್ಡ್ ವರ್ಕ್ ಅವರ ಶೋಧನೆ ಮತ್ತು ಮಲೆನಾಡಿನ ಕಾಫಿ ಸೀಮೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ಕಾಫಿ ವ್ಯವಹಾರದಲ್ಲಿ ತೊಡಗಿರುವವರಿಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ನಾಲ್ಕು ತಿಂಗಳು ಇಡೀ ವರ್ಷದ ಆದಾಯವನ್ನು ನಿರ್ಧರಿಸುವ ಕಾಲ. ಅರೇಬಿಕಾ ಕೊಯ್ಲು ಮುಗಿಯುವ ಹೊತ್ತಿಗೆ ರೊಬಸ್ಟಾ ಹಣ್ಣಾಗುತ್ತದೆ. ಅದರ ಬೆನ್ನಿಗೇ ಕರಿಮೆಣಸಿನ ಕೊಯ್ಲು ಬರುತ್ತದೆ. ತೋಟದಿಂದ ಕಣಕ್ಕೆ, ಕಣದಿಂದ ಕ್ಯೂರಿಂಗ್ ವರ್ಕ್ಸಿಗೆ, ಅಲ್ಲಿಂದ ಮಾರುಕಟ್ಟೆಗೆ ಸರಕು ಸಾಗಬೇಕಾದರೆ ಈ ಅವಧಿಯಲ್ಲಿ ಕಾರ್ಮಿಕರು ತೋಟದಲ್ಲಿರಬೇಕು. ಉತ್ತರ ಕರ್ನಾಟಕದಿಂದಲೂ ದೂರದ ಅಸ್ಸಾಂ, ಜಾರ್ಖಂಡ್‌ಗಳಿಂದಲೂ ಬಂದ ಕುಟುಂಬಗಳು ತೋಟದ ಲೈನುಗಳಲ್ಲಿ ತಂಗುವುದು ಇದೇ ಕಾಲದಲ್ಲಿ.

ಕಾಡಿನ ನೆಲದಲ್ಲಿ ಎಳೆಯ ಉಣುಗುಗಳು ಚುರುಕಾಗುವುದೂ ಇದೇ ಕಾಲದಲ್ಲಿ ಎಂಬುದು ಗಮನಾರ್ಹ. ಮಲೆನಾಡಿಗರು ಮಂಗನ ಕಾಯಿಲೆ ಎಂದು ಕರೆಯುವ, ವೈದ್ಯಶಾಸ್ತ್ರವು ಕ್ಯಾಸನೂರು ಕಾಡಿನ ಕಾಯಿಲೆ ಎಂದು ಹೆಸರಿಸಿರುವ ಜ್ವರವನ್ನು ಮನುಷ್ಯರಿಗೆ ಹರಡುವವು ಈ ಉಣುಗುಗಳೇ. ಡಿಸೆಂಬರ್‌ನಲ್ಲಿ ತಲೆಯೆತ್ತಿ ಮೇ ತಿಂಗಳವರೆಗೆ ಮುಂದುವರಿಯುವ ಈ ಕಾಯಿಲೆಯ ಹಂಗಾಮು ಕಾಫಿ ಹಂಗಾಮಿನೊಡನೆ ಬಹುಪಾಲು ಬೆರೆತುಹೋಗಿದೆ. 2024ರ ಹಂಗಾಮಿನಲ್ಲಿ ಶಿವಮೊಗ್ಗ, ಉತ್ತರ ಕನ್ನಡ ಜಿಲ್ಲೆಗಳ ಜೊತೆಗೆ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲಿಯೂ ಕಾಯಿಲೆ ಕಾಣಿಸಿಕೊಂಡು ಸಾವು ಸಂಭವಿಸಿದ್ದು, ತೋಟಗಾರರೂ ವರ್ತಕರೂ ಈ ವಿಷಯವನ್ನು ಆರೋಗ್ಯ ಇಲಾಖೆಗೆ ಮಾತ್ರ ಬಿಟ್ಟು ಸುಮ್ಮನಿರುವಂತಿಲ್ಲ ಎಂಬುದನ್ನು ಮನಗಾಣಿಸಿತು.

ಈ ಕಾಯಿಲೆಯನ್ನು ಮೊದಲು ಗುರುತಿಸಿದ ವೈದ್ಯರ ಜೀವನವೃತ್ತಿಯನ್ನೂ, ಆ ಗುರುತಿಸುವಿಕೆ ಅಂದಿನಿಂದ ಇಂದಿನವರೆಗೆ ನಡೆದುಬಂದ ದಾರಿಯನ್ನೂ ಅವಲೋಕಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಔಷಧವಿಲ್ಲದ ಕಾಯಿಲೆಯಲ್ಲಿಯೂ ಅದರ ಹೆಸರನ್ನು ಬೇಗ ತಿಳಿಯುವುದರಿಂದ ಜೀವ ಉಳಿಯುತ್ತದೆ; ಆ ತಿಳಿವಳಿಕೆಯ ಹಾದಿಯಲ್ಲಿ ಮೊದಲ ಹೆಜ್ಜೆ ಇಡಬೇಕಾದವರು ತೋಟದಲ್ಲಿರುವವರೇ.

ಕೈರೋದಿಂದ ಪುಣೆಗೆ

ಅಮೆರಿಕದ ವೈದ್ಯ ಡಾ. ಟೆಲ್ಫರ್ಡ್ ವರ್ಕ್ ರಾಕ್‌ಫೆಲರ್ ಪ್ರತಿಷ್ಠಾನದ ಸೇವೆಯಲ್ಲಿದ್ದವರು. 1950ರ ದಶಕದ ಆರಂಭದಲ್ಲಿ ಅವರು ಈಜಿಪ್ಟಿನಲ್ಲಿ ನೈಲ್ ನದಿಯ ಮುಖಜಭೂಮಿಯ ಹಳ್ಳಿಗಳಲ್ಲಿ ಸಹೋದ್ಯೋಗಿಗಳೊಡನೆ ವೆಸ್ಟ್ ನೈಲ್ ವೈರಾಣುವಿನ ಅಧ್ಯಯನ ನಡೆಸಿದರು. ಸೊಳ್ಳೆಯಿಂದ ಹರಡುವ ಆ ವೈರಾಣು ಕಾಡುಹಕ್ಕಿಗಳ ರಕ್ತದಲ್ಲಿ ಹೇಗೆ ಉಳಿದುಕೊಳ್ಳುತ್ತದೆ ಎಂಬ ಪ್ರಶ್ನೆ ಅವರ ಆಸಕ್ತಿಯ ವಿಷಯವಾಗಿತ್ತು. ಮನುಷ್ಯನ ಜ್ವರಕ್ಕೆ ಕಾರಣವನ್ನು ಮನುಷ್ಯನಲ್ಲಿ ಮಾತ್ರ ಹುಡುಕದೆ ಪ್ರಾಣಿ, ಪಕ್ಷಿ, ಕೀಟಗಳಲ್ಲಿಯೂ ಹುಡುಕುವ ಅಭ್ಯಾಸ ಅವರ ಮುಂದಿನ ಕಾರ್ಯಕ್ಕೂ ಬುನಾದಿಯಾಯಿತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನಗಳು ಜಂಟಿಯಾಗಿ 1952ರಲ್ಲಿ ಪುಣೆಯಲ್ಲಿ ವೈರಾಣು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ್ದವು. ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ ಅದೇ ಕೇಂದ್ರದ ಮುಂದುವರಿಕೆ. ದಶಕದ ನಡುವಿನಲ್ಲಿ ಡಾ. ವರ್ಕ್ ಈ ಕೇಂದ್ರದ ನಿರ್ದೇಶಕರಾದರು. 1955ರಲ್ಲಿ ವೆಲ್ಲೂರು ಭಾಗದಲ್ಲಿ ಮಕ್ಕಳನ್ನು ಬಾಧಿಸುತ್ತಿದ್ದ ಮಿದುಳು ಜ್ವರವು ಜಪಾನೀ ಮಿದುಳು ಜ್ವರವೆಂದು ರಕ್ತಪರೀಕ್ಷೆಯಿಂದ ಗುರುತಿಸುವಲ್ಲಿ ಈ ಕೇಂದ್ರ ಪ್ರಮುಖ ಪಾತ್ರ ವಹಿಸಿತು. ಅಲ್ಲಿಯವರೆಗೆ ಆ ಕಾಯಿಲೆ ಭಾರತದಲ್ಲಿದೆ ಎಂಬುದೇ ತಿಳಿದಿರಲಿಲ್ಲ.

1957: ಕ್ಯಾಸನೂರಿನ ಕಾಡು

1957ರ ಬೇಸಿಗೆಯ ಹೊತ್ತಿಗೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಲಿನ ಹಳ್ಳಿಗಳಲ್ಲಿ ತೀವ್ರ ಜ್ವರ ಹಬ್ಬಿತ್ತು. ಕಾಡಿನಲ್ಲಿ ಮಂಗಗಳೂ ಮುಸಿಯಗಳೂ ಸತ್ತು ಬೀಳುತ್ತಿದ್ದವು. ಈ ಎರಡಕ್ಕೂ ನಂಟಿದೆ ಎಂಬುದನ್ನು ಹಳ್ಳಿಗರು ತಾವಾಗಿಯೇ ಕಂಡುಕೊಂಡು ಕಾಯಿಲೆಗೆ ಮಂಗನ ಹೆಸರನ್ನೇ ಇಟ್ಟಿದ್ದರು.

ಮಾಹಿತಿ ಪುಣೆಯನ್ನು ತಲುಪಿದಾಗ ಡಾ. ವರ್ಕ್ ಮತ್ತು ಸಹೋದ್ಯೋಗಿ ಹೆರಾಲ್ಡ್ ಟ್ರಾಪಿಡೊ ಅವರ ಮನಸ್ಸಿಗೆ ಮೊದಲು ಬಂದ ಶಂಕೆ ಹಳದಿ ಜ್ವರದ್ದು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಒಟ್ಟಿಗೆ ಕೊಲ್ಲುತ್ತಿದ್ದ ಆ ಜ್ವರ ಏಷ್ಯಾ ಖಂಡವನ್ನು ಎಂದೂ ಪ್ರವೇಶಿಸಿರಲಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆ ಭಾರತದ ಪಟ್ಟಣಗಳಲ್ಲಿ ಧಾರಾಳವಾಗಿತ್ತು. ಶಂಕೆ ನಿಜವಾಗಿದ್ದರೆ ಅದು ಸೊರಬದ ಹಳ್ಳಿಗಳಿಗೆ ಸೀಮಿತವಾದ ವಿಷಯವಾಗಿ ಉಳಿಯುತ್ತಿರಲಿಲ್ಲ. ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಭಾರತದ ಬಂದರುಗಳಿಂದ ಹೊರಡುವ ಹಡಗು, ಪ್ರಯಾಣಿಕರ ಮೇಲೆ ನಿರ್ಬಂಧಗಳು ಬೀಳುವ ಸಂಭವವಿತ್ತು. ರೋಗನಿದಾನವೆಂಬುದು ವಾಣಿಜ್ಯಕ್ಕೆ ಎಷ್ಟು ಹತ್ತಿರದ ಸಂಗತಿ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಅಂದಿನ ಪರೀಕ್ಷಾ ವಿಧಾನ ಶ್ರಮದಾಯಕವಾಗಿತ್ತು. ಸತ್ತ ಮಂಗದ ಅಂಗಾಂಶವನ್ನೂ ರೋಗಿಯ ರಕ್ತವನ್ನೂ ತಣ್ಣಗಿಟ್ಟು ಪುಣೆಗೆ ಸಾಗಿಸಬೇಕು. ಎಳೆಯ ಇಲಿಮರಿಗಳಿಗೆ ಚುಚ್ಚಿ ಅವು ಕಾಯಿಲೆ ಬೀಳುವವರೆಗೆ ಕಾಯಬೇಕು. ಹಾಗೆ ದೊರೆತ ವೈರಾಣುವನ್ನು ಅದುವರೆಗೆ ತಿಳಿದಿದ್ದ ವೈರಾಣುಗಳ ಪ್ರತಿಕಾಯಗಳೊಡನೆ ಒಂದೊಂದಾಗಿ ಹೋಲಿಸಿ ನೋಡಬೇಕು. ಫಲಿತಾಂಶ ಎಲ್ಲರನ್ನೂ ಅಚ್ಚರಿಗೊಳಿಸಿತು. ಅದು ಹಳದಿ ಜ್ವರವಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಾಣುವಿಗೆ ಹತ್ತಿರದ ಸಂಬಂಧಿಯಾದ, ಆದರೆ ಅದುವರೆಗೆ ಯಾರೂ ಕಂಡಿರದ ಹೊಸ ವೈರಾಣು ಅದಾಗಿತ್ತು.

ಈ ಉತ್ತರದಿಂದ ದೊರೆತ ಪ್ರಯೋಜನ ನೇರವಾದುದು. ಹುಡುಕಬೇಕಾದುದು ಸೊಳ್ಳೆಯನ್ನಲ್ಲ, ಉಣುಗನ್ನು ಎಂಬುದು ನಿಶ್ಚಯವಾಯಿತು. ಸಾಗರದಲ್ಲಿ ಕ್ಷೇತ್ರ ಕೇಂದ್ರವೊಂದು ಕಾರ್ಯ ನಡೆಸಿ, ಹಿಮಾಫಿಸಾಲಿಸ್ ಸ್ಪಿನಿಜೆರ ಎಂಬ ಜಾತಿಯ ಉಣುಗೇ ಪ್ರಧಾನ ವಾಹಕವೆಂಬುದು ಸ್ಥಾಪಿತವಾಯಿತು. ಹಾಗೆಯೇ, ರಷ್ಯಾದ ಕಾಯಿಲೆಗೆಂದು ತಯಾರಾದ ಲಸಿಕೆಯನ್ನು ಇಲ್ಲಿ ಪ್ರಯೋಗಿಸಿ ನೋಡಿದಾಗ ಅದು ರಕ್ಷಣೆ ನೀಡಲಿಲ್ಲ. ಸಮೀಪದ ಸಂಬಂಧಿಯಾದರೂ ಕಾಯಿಲೆ ಬೇರೆಯೇ ಎಂಬುದನ್ನು ಈ ವೈಫಲ್ಯವೂ ತೋರಿಸಿಕೊಟ್ಟಿತು.

ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳು ವೈರಾಣುವನ್ನು ತಂದಿರಬಹುದೇ ಎಂಬ ಪ್ರಶ್ನೆಯೂ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಡನೆ ಮುಂಬಯಿಯ ನಿಸರ್ಗ ಇತಿಹಾಸ ಸಂಘವು ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಯನ್ನು ಕೈಗೊಂಡಿತು. ಆ ಊಹೆಗೆ ದೃಢವಾದ ಆಧಾರ ದೊರೆಯಲಿಲ್ಲವಾದರೂ ಭಾರತದ ಹಕ್ಕಿಗಳ ವಲಸೆಯನ್ನು ಕುರಿತ ಅಮೂಲ್ಯ ಜ್ಞಾನ ಅದರಿಂದ ಲಭಿಸಿತು.

ಡಾ. ವರ್ಕ್ ಮುಂದೆ ಸ್ವದೇಶಕ್ಕೆ ಹಿಂದಿರುಗಿ, 1960ರ ದಶಕದಲ್ಲಿ ಅಟ್ಲಾಂಟಾದ ರೋಗನಿಯಂತ್ರಣ ಕೇಂದ್ರದಲ್ಲಿ ವೈರಾಣು ವಿಭಾಗವನ್ನು ಮುನ್ನಡೆಸಿದರು. ಬಳಿಕ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ನೈಲ್ ತೀರದಲ್ಲಿ ಆರಂಭಿಸಿದ ಕ್ರಮವನ್ನೇ ಅವರು ಸೊರಬದ ಕಾಡಿನಲ್ಲಿಯೂ ಅನುಸರಿಸಿದ್ದರು. ಜನರ ಮಾತಿಗೆ ಕಿವಿಗೊಟ್ಟು, ಅದರ ಜಾಡು ಹಿಡಿದು, ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳುವುದೇ ಆ ಕ್ರಮ.

ಕಾಡು ಕಡಿದಾಗ

ಇದೇ ಕಾರ್ಯಕ್ಕೆ ಬಂದ ಮತ್ತೊಬ್ಬ ವೈದ್ಯರೆಂದರೆ ಕೊಲಂಬಿಯಾ ದೇಶದ ಡಾ. ಹೋರ್ಹೆ ಬೋಶೆಲ್. ತಮ್ಮ ದೇಶದ ಕಾಡುಗಳಲ್ಲಿ ಮರ ಉರುಳಿದಾಗ ತುದಿಕೊಂಬೆಗಳಲ್ಲಿದ್ದ ಸೊಳ್ಳೆಗಳು ನೆಲಕ್ಕಿಳಿದು ಮರ ಕಡಿಯುವವರನ್ನು ಮುತ್ತುವುದನ್ನು ಅವರು ಗಮನಿಸಿದ್ದರು. ಕಾಡಿನ ಹಳದಿ ಜ್ವರ ಕೂಲಿಗಳಿಗೆ ತಗಲುವ ಬಗೆಯನ್ನು ಆ ಒಂದು ನೋಟ ವಿವರಿಸಿತ್ತು. ಮಲೆನಾಡಿಗೆ ಬಂದ ಮೇಲೆ ಅವರು ಕಾಡು, ಗದ್ದೆ, ದನಗಳ ಸಂಬಂಧವನ್ನು ಪರಿಶೀಲಿಸಿದರು. ಕಾಡು ಕಡಿದು ಸಾಗುವಳಿ ಹಬ್ಬಿದಂತೆ ಅಂಚಿನಲ್ಲಿ ಪೊದೆಗಳು ಬೆಳೆಯುತ್ತವೆ. ಅಲ್ಲಿ ಮೇಯುವ ದನಗಳ ರಕ್ತ ಕುಡಿದು ಬಲಿತ ಉಣುಗುಗಳ ಸಂಖ್ಯೆ ವೃದ್ಧಿಯಾಗುತ್ತದೆ. ಹಿಂದೆ ಕಾಡಿನೊಳಗೆ ಅಡಗಿದ್ದ ವೈರಾಣು ಮನುಷ್ಯನ ಹೊಸ್ತಿಲಿಗೆ ಬರುತ್ತದೆ ಎಂಬುದು 1969ರಲ್ಲಿ ಪ್ರಕಟವಾದ ಅವರ ವಿಚಾರದ ಸಾರ.

ಈ ಮಾತು ಚಾರ್ಮಾಡಿ ಘಾಟಿಯ ಕೆಳಗೇ ನಿಜವಾಯಿತು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಬಳಿಕ ಕಾಯಿಲೆ ಭೀಕರವಾಗಿ ಹಬ್ಬಿ ಬಹಳ ಮಂದಿ ಅಸುನೀಗಿದರು. ಮೂಡಿಗೆರೆಯ ಕೊಟ್ಟಿಗೆಹಾರದಿಂದ ಘಾಟಿಯಿಳಿದರೆ ಸಿಗುವ ಸೀಮೆ ಅದು. ಇನ್ನೊಂದು ದಿಕ್ಕಿನಲ್ಲಿ ಕಳಸದ ಕಾಡುಗಳು ಕೊಪ್ಪ, ಶೃಂಗೇರಿಯ ಕಾಡುಗಳೊಡನೆ ಸೇರಿಕೊಂಡಿವೆ. ಉಣುಗಿಗೂ ಮಂಗಕ್ಕೂ ತಾಲ್ಲೂಕಿನ ಗಡಿ ಗೊತ್ತಿಲ್ಲ. 2012ರಿಂದೀಚೆಗೆ ಬಂಡೀಪುರ, ನೀಲಗಿರಿ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ ಮುಂತಾದ ಹೊಸ ಪ್ರದೇಶಗಳಲ್ಲಿ ವೈರಾಣು ಪತ್ತೆಯಾಗಿರುವುದನ್ನೂ, 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಅನೇಕರು ಸಾವಿಗೀಡಾದುದನ್ನೂ ನೆನೆದರೆ ಯಾವ ಕಾಫಿ ತಾಲ್ಲೂಕೂ ತಾನು ಸುರಕ್ಷಿತವೆಂದು ಭಾವಿಸುವಂತಿಲ್ಲ.

ಒಂದೇ ಬಗೆಯ ಜ್ವರ, ಹಲವು ಕಾರಣ

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತೀವ್ರ ತಲೆನೋವು, ಸೊಂಟ ಹಾಗೂ ಮೈಕೈ ನೋವು ಕಾಣಿಸಿಕೊಳ್ಳುತ್ತವೆ. ಕೆಲವರಲ್ಲಿ ವಸಡು, ಮೂಗು, ಕರುಳಿನಿಂದ ರಕ್ತಸ್ರಾವವಾಗುತ್ತದೆ. ಒಂದೆರಡು ವಾರಗಳಲ್ಲಿ ಜ್ವರ ಇಳಿದು ವಾಸಿಯಾಯಿತೆನ್ನುವಾಗಲೇ ಕೆಲವರಿಗೆ ಎರಡನೆಯ ಸಲ ಮರುಕಳಿಸಿ ಮಿದುಳಿಗೆ ತೊಂದರೆಯಾಗುವುದೂ ಉಂಟು. ನೂರು ಮಂದಿ ರೋಗಿಗಳಲ್ಲಿ ಮೂರರಿಂದ ಐವರು ಸಾಯುತ್ತಾರೆಂಬುದು ಸಾಮಾನ್ಯ ಅಂದಾಜು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ; ಆದ್ದರಿಂದ ಲೈನಿನಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ ಉಳಿದವರು ಹೆದರಿ ಊರು ಬಿಡಬೇಕಾದ ಕಾರಣವಿಲ್ಲ. ಆದರೆ ಅದೇ ಕಾಡಂಚಿನಲ್ಲಿ ಕೆಲಸ ಮಾಡಿದ ಉಳಿದವರನ್ನೂ ಉಣುಗು ಕಚ್ಚಿರಬಹುದೆಂಬ ಎಚ್ಚರ ಅವಶ್ಯಕ.

ಇದೇ ಬೆಟ್ಟಗಳಲ್ಲಿ ಡೆಂಗೆ, ಇಲಿಜ್ವರ, ವಿಷಮಶೀತಜ್ವರ ಮೊದಲಾದವೂ ಇವೆ. ಮೊದಲ ಮೂರು ನಾಲ್ಕು ದಿನ ಇವುಗಳನ್ನು ಬರಿಗಣ್ಣಿನಿಂದ ಬೇರ್ಪಡಿಸುವುದು ನುರಿತ ವೈದ್ಯರಿಗೂ ಕಷ್ಟ. ಇಲಿಜ್ವರಕ್ಕೆ ಜೀವನಿರೋಧಕ ಔಷಧ ಉಂಟು. ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧವಿಲ್ಲ. ಹಾಗಿದ್ದರೆ ಪರೀಕ್ಷೆಯಿಂದೇನು ಲಾಭ ಎಂದು ಕೇಳುವವರಿದ್ದಾರೆ. ಉತ್ತರ ಸರಳ. ರೋಗಿಯನ್ನು ಆಸ್ಪತ್ರೆಯಲ್ಲಿಟ್ಟು ದ್ರವಾಂಶ, ರಕ್ತದೊತ್ತಡ, ರಕ್ತಕಣಗಳನ್ನು ಗಮನಿಸುತ್ತ ಸಕಾಲದಲ್ಲಿ ಆಸರೆಯ ಚಿಕಿತ್ಸೆ ನೀಡಿದರೆ ಬಹುಪಾಲು ಜನ ಬದುಕುತ್ತಾರೆ. ರಕ್ತಸ್ರಾವವನ್ನು ಹೆಚ್ಚಿಸಬಲ್ಲ ನೋವಿನ ಮಾತ್ರೆಗಳನ್ನು ದೂರವಿಡಬಹುದು. ಮತ್ತು ಎಲ್ಲಿ ಸೋಂಕು ತಗಲಿತೆಂದು ತಿಳಿದರೆ ಆ ಭಾಗದಲ್ಲಿ ಉಳಿದವರನ್ನು ರಕ್ಷಿಸಬಹುದು.

ಕಾಫಿ ಬೆಳೆಗಾರರಿಗೆ ಈ ತರ್ಕ ಹೊಸದಲ್ಲ. ಬಿಳಿ ಕಾಂಡಕೊರಕ ತಗಲಿದ ಗಿಡವನ್ನು ಕೀಟ ಹಾರಾಡುವ ಕಾಲಕ್ಕೆ ಮೊದಲೇ ಗುರುತಿಸಿ ಕಿತ್ತು ಸುಡದಿದ್ದರೆ ಅಕ್ಕಪಕ್ಕದ ಗಿಡಗಳೂ ಹೋಗುತ್ತವೆಂಬುದು ಪ್ರತಿಯೊಬ್ಬ ರೈಟರಿಗೂ ತಿಳಿದ ವಿಷಯ. ಕೊರಕ ಹೊಕ್ಕ ಗಿಡಕ್ಕೆ ಔಷಧವಿಲ್ಲವೆಂದು ಯಾರೂ ಗುರುತಿಸುವ ಕೆಲಸವನ್ನು ನಿಲ್ಲಿಸಿಲ್ಲ.

ಸಣ್ಣ ಮಾರುಕಟ್ಟೆಯ ಕಾಯಿಲೆ

ಪರೀಕ್ಷಾ ವಿಧಾನದ ಮುನ್ನಡೆ ಬಹುಕಾಲ ನಿಧಾನವಾಗಿಯೇ ಸಾಗಿತು. ಇದಕ್ಕೆ ಎರಡು ಕಾರಣಗಳು. ಮೊದಲನೆಯದು, ಈ ವೈರಾಣುವಿನೊಡನೆ ಕೆಲಸ ಮಾಡಿದ ಪ್ರಯೋಗಾಲಯ ಸಿಬ್ಬಂದಿಯೇ ಸೋಂಕಿಗೆ ತುತ್ತಾಗುತ್ತಿದ್ದುದು. ಪುಣೆಯಲ್ಲಿ ಅತ್ಯುನ್ನತ ಸುರಕ್ಷತೆಯ ಪ್ರಯೋಗಾಲಯ 2012ರಲ್ಲಿ ಆರಂಭವಾದ ಬಳಿಕವೇ ಸಂಶೋಧನೆಗೆ ಹೊಸ ಚಾಲನೆ ದೊರೆಯಿತು. ವೈರಾಣುವಿನ ವಂಶವಾಹಿಯನ್ನೇ ಪತ್ತೆಹಚ್ಚುವ ಆರ್‌ಟಿ-ಪಿಸಿಆರ್ ಹಾಗೂ ಪ್ರತಿಕಾಯಗಳನ್ನು ಗುರುತಿಸುವ ಎಲಿಸಾ ಪರೀಕ್ಷೆಗಳು ಅದೇ ಅವಧಿಯಲ್ಲಿ ಸಿದ್ಧವಾದವು.

ಎರಡನೆಯ ಕಾರಣ ವಾಣಿಜ್ಯದ್ದು, ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದದ್ದು. ವರ್ಷಕ್ಕೆ ಕೆಲವು ನೂರು ಜನರನ್ನು, ಅದರಲ್ಲೂ ಸೌದೆ ತರುವವರು, ದನ ಕಾಯುವವರು, ತೋಟದ ಕೂಲಿಗಳನ್ನು ಬಾಧಿಸುವ ಕಾಯಿಲೆಗೆ ಪ್ರತ್ಯೇಕ ಯಂತ್ರವನ್ನು ತಯಾರಿಸಿ ಮಾರುವ ಸಂಸ್ಥೆ ಲಾಭ ಕಾಣಲಾರದು. ಈ ತೊಡಕನ್ನು ಬಿಡಿಸಿದ್ದು ಒಂದೇ ಯಂತ್ರದಲ್ಲಿ ಹಲವು ಕಾಯಿಲೆಗಳನ್ನು ಪರೀಕ್ಷಿಸುವ ಏರ್ಪಾಡು. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಅಭಿವೃದ್ಧಿಪಡಿಸಿದ, ಗೋವಾ ಮೂಲದ ಮೋಲ್‌ಬಯೋ ಸಂಸ್ಥೆ ತಯಾರಿಸುವ ಟ್ರೂನ್ಯಾಟ್ ಯಂತ್ರ ಬ್ಯಾಟರಿಯಿಂದ ನಡೆಯುತ್ತದೆ. ಸುಮಾರು ಒಂದು ಗಂಟೆಯಲ್ಲಿ ಫಲಿತಾಂಶ ನೀಡುತ್ತದೆ. ಯಂತ್ರ ಒಂದೇ, ಕಾಯಿಲೆಗೆ ತಕ್ಕಂತೆ ಬದಲಾಗುವುದು ಒಳಗಿಡುವ ಚಿಪ್ ಮಾತ್ರ. ಕ್ಷಯದ ಪರೀಕ್ಷೆಗೆ 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಪಡೆದ ಇದೇ ಯಂತ್ರ ಕೋವಿಡ್ ಕಾಲದಲ್ಲಿ ದೇಶದಾದ್ಯಂತ ಬಳಕೆಯಾಯಿತು. 2021ರಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ ಮಂಗನ ಕಾಯಿಲೆಯ ಪರೀಕ್ಷೆಯೂ ಅದರಲ್ಲಿ ಸಾಧ್ಯವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪ್ರಕಟಿಸಿತು.

ದೊಡ್ಡ ಮಾರುಕಟ್ಟೆಯ ಕಾಯಿಲೆ ಯಂತ್ರದ ಖರ್ಚನ್ನು ಹೊತ್ತುಕೊಂಡಾಗ ಸಣ್ಣ ಮಾರುಕಟ್ಟೆಯ ಕಾಯಿಲೆಗೂ ಅದರ ಫಲ ದೊರೆಯುತ್ತದೆ ಎಂಬುದು ಇದರಿಂದ ಕಲಿಯಬೇಕಾದ ಪಾಠ. 1957ರಲ್ಲಿ ಇಲಿಮರಿ ಕಾಯಿಲೆ ಬೀಳುವವರೆಗೆ ಕಾಯಬೇಕಿದ್ದ ಉತ್ತರವನ್ನು ಇಂದು ಒಂದು ಗಂಟೆಯಲ್ಲಿ ಪಡೆಯಬಹುದಾದ ಸ್ಥಿತಿ ಒದಗಿದೆ.

ಲಸಿಕೆಯ ವಿಷಯದಲ್ಲಿ ಮಾತ್ರ ಇಷ್ಟು ಭರವಸೆಯ ಮಾತನ್ನು ಆಡುವಂತಿಲ್ಲ. 1990ರ ದಶಕದಿಂದ ಮಲೆನಾಡಿನಲ್ಲಿ ನೀಡಲಾಗುತ್ತಿದ್ದ ಲಸಿಕೆಯ ಪರಿಣಾಮ ಕಾಲಕ್ರಮೇಣ ಸಾಲದೆಂದು ಕಂಡುಬಂದು 2022ರಲ್ಲಿ ಅದರ ಬಳಕೆ ನಿಂತಿತು. ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯೊಡನೆ ವೈದ್ಯಕೀಯ ಸಂಶೋಧನಾ ಮಂಡಳಿ ಹೊಸ ಲಸಿಕೆಯನ್ನು ರೂಪಿಸುವ ಕಾರ್ಯ ಕೈಗೊಂಡಿದೆ. ಅದು ಜನರ ತೋಳಿಗೆ ತಲುಪುವವರೆಗೆ ಉಣುಗಿನಿಂದ ರಕ್ಷಣೆ ಮತ್ತು ಶೀಘ್ರ ಪರೀಕ್ಷೆ, ಇವೆರಡೇ ಆಸರೆ.

ತೋಟದಿಂದ ಆಸ್ಪತ್ರೆಯವರೆಗೆ

ಯಂತ್ರಕ್ಕೆ ಒಂದು ಗಂಟೆ ಸಾಕು. ಆದರೆ ಜ್ವರ ಬಂದ ಕಾರ್ಮಿಕ ಆಸ್ಪತ್ರೆಗೆ ಬರಲು ಐದು ದಿನ ತೆಗೆದುಕೊಂಡರೆ ಆ ಒಂದು ಗಂಟೆಗೆ ಬೆಲೆಯಿಲ್ಲ. ಮೊದಲ ದಿನಗಳಲ್ಲಿಯೇ ವೈರಾಣು ರಕ್ತದಲ್ಲಿ ಹೇರಳವಾಗಿರುವುದು. ಪರೀಕ್ಷೆ ಹೆಚ್ಚು ಫಲಕಾರಿಯಾಗುವುದೂ ಆಗಲೇ. ದಿನಗೂಲಿ ತಪ್ಪೀತೆಂದು ಜ್ವರವನ್ನು ಮುಚ್ಚಿಟ್ಟು ಅಂಗಡಿಯ ಮಾತ್ರೆ ನುಂಗಿ ಹಣ್ಣು ಕೊಯ್ಯಲು ಹೋಗುವವರು ಲೈನುಗಳಲ್ಲಿ ವಿರಳವಲ್ಲ. ಭಾಷೆ ತಿಳಿಯದ ಹೊರರಾಜ್ಯದವರಿಗಂತೂ ಯಾರಿಗೆ ಹೇಳಬೇಕೆಂಬುದೇ ತೋಚದು. ತೋಟದ ಮಾಲೀಕರು ವೈದ್ಯಕೀಯ ಸೌಲಭ್ಯದ ಹೊಣೆ ಹೊರಬೇಕೆಂಬ ತತ್ತ್ವವನ್ನು 1951ರ ತೋಟ ಕಾರ್ಮಿಕ ಕಾಯ್ದೆಯೇ ಒಪ್ಪಿಕೊಂಡಿತ್ತು. ಕಾನೂನಿನ ಮಾತು ಬದಿಗಿರಲಿ. ಕೊಯ್ಲಿನ ನಡುವೆ ಒಂದು ಸಾವು ಸಂಭವಿಸಿ ಲೈನು ಖಾಲಿಯಾದರೆ ಹಣ್ಣು ಗಿಡದಲ್ಲೇ ಒಣಗಿ ಉದುರುವುದು ಯಾರ ಲೆಕ್ಕಕ್ಕೆ ಬೀಳುತ್ತದೆಂಬುದನ್ನು ಹೇಳಬೇಕಿಲ್ಲ.

ಖರ್ಚು ಕಡಿಮೆಯಾದ, ಆದರೆ ಫಲ ಹೆಚ್ಚಿನ ಕೆಲವು ಕ್ರಮಗಳಿವೆ. ಪ್ರತಿದಿನ ಬೆಳಿಗ್ಗೆ ಹಾಜರಿ ಹಾಕುವಾಗ ಜ್ವರ ಬಂದವರಿದ್ದಾರೆಯೇ ಎಂದು ಮೇಸ್ತ್ರಿ ವಿಚಾರಿಸಿ ಬರೆದಿಡುವುದು. ಜ್ವರ ಬಂದವರನ್ನು ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಿ, ಆ ದಿನದ ಕೂಲಿಯನ್ನು ಕಡಿತ ಮಾಡದಿರುವುದು. ಕಾಡಂಚಿನ ಪಟ್ಟೆಗಳಲ್ಲಿ ಕೆಲಸಕ್ಕಿಳಿಯುವ ಮುನ್ನ ಆರೋಗ್ಯ ಇಲಾಖೆ ನೀಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಸುವುದು. ಮೈ ತುಂಬ ಬಟ್ಟೆ ತೊಡಿಸುವುದು. ಕೆಲಸದಿಂದ ಬಂದವರಿಗೆ ಸೋಪು ಹಚ್ಚಿ ಸ್ನಾನ ಮಾಡಲು ಬಿಸಿನೀರಿನ ಅನುಕೂಲ ಕಲ್ಪಿಸುವುದು. ಕೊಟ್ಟಿಗೆಗೆಂದು ಕಾಡಿನ ದರಗೆಲೆ ತರುವುದನ್ನು ಈ ಹಂಗಾಮಿನಲ್ಲಿ ನಿಲ್ಲಿಸುವುದು. ಸತ್ತ ಮಂಗ ಕಂಡರೆ ಮುಟ್ಟದೆ, ಹೂಳದೆ, ಕೂಡಲೇ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಬೇಕು. ಮಂಗ ಸತ್ತಲ್ಲಿ ಅದರ ಮೈಮೇಲಿದ್ದ ಉಣುಗುಗಳು ನೆಲಕ್ಕಿಳಿದು ಹರಡುವುದರಿಂದ, ಆ ಸ್ಥಳದ ಸುತ್ತ 50 ಮೀಟರ್ ವ್ಯಾಪ್ತಿಯಲ್ಲಿ ಕೀಟನಾಶಕ ಪುಡಿ ಎರಚುವ ಪದ್ಧತಿ ರೂಢಿಯಲ್ಲಿದೆ.

ಪೇಟೆಯ ವರ್ತಕರ ಪಾಲೂ ಇಲ್ಲಿ ಸಣ್ಣದಲ್ಲ. ಕೊಟ್ಟಿಗೆಹಾರದಿಂದ ಕಳಸದವರೆಗೆ ದಾರಿಯುದ್ದಕ್ಕೂ ಇರುವ ಔಷಧದಂಗಡಿ ಹಾಗೂ ದಿನಸಿ ಅಂಗಡಿಗಳಿಗೇ ಜ್ವರ ಬಂದವರು ಮೊದಲು ಹೋಗುವುದು. ಡಿಸೆಂಬರ್‌ನಿಂದ ಮೇವರೆಗೆ ಜ್ವರ, ಮೈಕೈ ನೋವೆಂದು ಬರುವ ತೋಟದ ಕಾರ್ಮಿಕರಿಗೆ ನೋವಿನ ಮಾತ್ರೆ ಮಾರದೆ ಆಸ್ಪತ್ರೆಯ ದಾರಿ ತೋರಿಸಿದರೆ ಆ ಅಂಗಡಿಯವರು ಕಳೆದುಕೊಳ್ಳುವುದು ಕೆಲವೇ ರೂಪಾಯಿ. ಸ್ಥಳೀಯ ವರ್ತಕರ ಸಂಘಗಳೂ ಬೆಳೆಗಾರರ ಸಂಘಗಳೂ ಕೂಡಿ, ತಾಲ್ಲೂಕು ಆಸ್ಪತ್ರೆಯಲ್ಲಿ ಈ ಪರೀಕ್ಷೆಯ ಚಿಪ್‌ಗಳ ದಾಸ್ತಾನು ಹಂಗಾಮಿಗೆ ಮೊದಲೇ ಇದೆಯೇ, ಶಿವಮೊಗ್ಗದ ವೈರಾಣು ಪತ್ತೆ ಪ್ರಯೋಗಾಲಯಕ್ಕೆ ರಕ್ತದ ಮಾದರಿಯನ್ನು ಅಂದೇ ತಣ್ಣಗಿಟ್ಟು ಕಳುಹಿಸುವ ವಾಹನ ವ್ಯವಸ್ಥೆ ಇದೆಯೇ ಎಂದು ನವೆಂಬರ್‌ನಲ್ಲೇ ವಿಚಾರಿಸುವುದು ಸೂಕ್ತ. ಸರಕು ಸಾಗಣೆ, ದಾಸ್ತಾನು, ಕಾಲಪಾಲನೆ, ಇವೆಲ್ಲ ವರ್ತಕರಿಗೆ ಕರತಲಾಮಲಕವಾದ ವಿದ್ಯೆಗಳು. ಆರೋಗ್ಯ ಇಲಾಖೆಗೆ ಈ ವಿದ್ಯೆಯ ನೆರವೇ ಹಲವು ಸಲ ಬೇಕಾಗುತ್ತದೆ.

ಡಾ. ವರ್ಕ್ ಅವರಿಗೆ ಕ್ಯಾಸನೂರಿನ ದಾರಿ ತೋರಿಸಿದ್ದು ಮಂಗಗಳ ಸಾವನ್ನು ಗಮನಿಸಿದ ಹಳ್ಳಿಗರ ಮಾತು. ಪುಣೆಯ ಪ್ರಯೋಗಾಲಯ ಅದಕ್ಕೆ ಆಮೇಲೆ ಉತ್ತರ ಹುಡುಕಿತು. ಇಂದು ಉತ್ತರ ನೀಡುವ ಯಂತ್ರ ಈ ನಾಡಿನಲ್ಲೇ ತಯಾರಾಗುತ್ತಿದೆ. ಆ ಯಂತ್ರಕ್ಕೆ ರಕ್ತದ ಹನಿಯನ್ನು ಸಕಾಲದಲ್ಲಿ ತಲುಪಿಸುವ ಹೊಣೆ ತೋಟದ ರೈಟರು, ಮೇಸ್ತ್ರಿ, ಮಾಲೀಕರು ಮತ್ತು ಪೇಟೆಯ ಅಂಗಡಿಯವರದು. ಬರುವ ಕೊಯ್ಲಿಗೆ ಕೂಲಿ, ಲಾರಿ, ಗೋಣಿಚೀಲಗಳ ಲೆಕ್ಕ ಹಾಕುವಾಗ ಈ ಒಂದು ಬಾಬನ್ನೂ ಸೇರಿಸಿಕೊಳ್ಳುವುದು ಉಚಿತ.